ಮಣ್ಣಿನ ದಿನ ನರಕ ಬೋಧಿಸುವವರಿಗೆ ಒಂದು ಬಹಿರಂಗ ಪತ್ರ

ಪ್ರಸಂಗಪೀಠದ ಮೇಲೆ ನಿಂತು ನರಕದ ಬಗ್ಗೆ ಮಾತಾಡುವ ಎಲ್ಲರಿಗೂ ವಂದನೆಗಳು.

ಅಯ್ಯನವರು, ಪಾಸ್ಟರ್, ಫಾದರ್ ಅಂತ ಜನ ನಿಮ್ಮನ್ನು ಹೇಗೆ ಕರೆದರೂ ಈ ಪತ್ರ ನಿಮಗೇ. ನಾನು ದೇವಶಾಸ್ತ್ರದ ಪದವಿ ಪಡೆದವನಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಐವತ್ತು ವರ್ಷ ಪ್ರಸಂಗ ಕೇಳಿದವನು, ಅಷ್ಟೇ. ಇವತ್ತು ಸ್ವಲ್ಪ ಹೊತ್ತು ನೀವು ಕೇಳಿ.

ಇದು ಶುರುವಾದದ್ದು ಒಂದು ಮಣ್ಣಿನ ದಿನ. ತೀರಿಕೊಂಡ ಹುಡುಗನಿಗೆ ಇಪ್ಪತ್ತಾರು ವರ್ಷ. ಬೈಕ್ ಅಪಘಾತ. ದೇವಾಲಯದ ಕಡೆ ಅವನು ತಲೆ ಹಾಕಿ ಏಳೆಂಟು ವರ್ಷ ಆಗಿತ್ತು. ಪೆಟ್ಟಿಗೆಯ ಮುಚ್ಚಳ ಇನ್ನೂ ಹಾಕಿರಲಿಲ್ಲ. ತಾಯಿ ಪಕ್ಕದಲ್ಲಿ ಕೂತು ಅವನ ಅಂಗಿಯ ಕಾಲರ್ ಸರಿಮಾಡುತ್ತಿದ್ದರು. ಸರಿಮಾಡುವುದು, ಕೈ ತೆಗೆಯುವುದು, ಮತ್ತೆ ಸರಿಮಾಡುವುದು. ಪ್ರಸಂಗ ಮಾಡಿದವರು ಹುಡುಗನ ಹೆಸರು ಒಂದು ಸಲವೂ ಹೇಳಲಿಲ್ಲ. "ಈ ಪೆಟ್ಟಿಗೆಯಲ್ಲಿ ಇರುವವನಿಗೆ ಇನ್ನು ಅವಕಾಶ ಇಲ್ಲ, ನಿಮಗೆ ಇದೆ" ಅಂದರು. ಆಮೇಲೆ ಆರದ ಬೆಂಕಿ, ಸಾಯದ ಹುಳ, ಹಲ್ಲು ಕಡಿಯುವುದು, ಎಲ್ಲಾ ಬಂತು. ತಾಯಿಯ ಕೈ ಕಾಲರಿನ ಮೇಲೇ ನಿಂತುಬಿಟ್ಟಿತು.

ಎಲ್ಲಾ ಮುಗಿದು ವಾಪಸ್ ಬರುವಾಗ ಆಕೆ ನನ್ನ ಪಕ್ಕ ನಡೆಯುತ್ತಿದ್ದರು. "ಅಣ್ಣಾ, ಅವನು ಈಗ ಉರೀತಾ ಇದಾನಾ?" ಅಂದರು. ಅಳು ಇರಲಿಲ್ಲ. ಹೊತ್ತೆಷ್ಟಾಯಿತು ಅಂತ ಕೇಳುವ ಹಾಗೆ ಕೇಳಿದರು. "ಅದು ದೇವರಿಗೆ ಬಿಟ್ಟದ್ದು ತಂಗಿ" ಅಂದೆ. ಅದು ಉತ್ತರ ಅಲ್ಲ, ಜಾರಿಕೊಳ್ಳುವ ಮಾತು ಅಂತ ನನಗೂ ಗೊತ್ತಿತ್ತು, ಆಕೆಗೂ ಗೊತ್ತಾಯಿತು.

ಆ ರಾತ್ರಿಯಿಂದ ಓದಲು ಕೂತೆ. ಸಿಟ್ಟಿನಲ್ಲಿ ಶುರುಮಾಡಿದ್ದು. ಓದುತ್ತಾ ಹೋದ ಹಾಗೆ ಸಿಟ್ಟು ಇಳಿದು ಆಶ್ಚರ್ಯ ಜಾಸ್ತಿಯಾಯಿತು. ಐವತ್ತು ವರ್ಷದಲ್ಲಿ ನೀವು ಯಾರೂ ಹೇಳದೇ ಇದ್ದ ಎಷ್ಟೋ ಸಂಗತಿ ಅಲ್ಲಿದ್ದವು. ನಿಮ್ಮಲ್ಲಿ ಹೆಚ್ಚಿನವರು ಅವನ್ನು ಓದಿಯೇ ಪಾಸಾಗಿದ್ದೀರಿ. ನಮಗೆ ಯಾಕೆ ಹೇಳಲಿಲ್ಲ ಅನ್ನುವುದೇ ನನ್ನ ತಕರಾರು.

ಮೊದಲು ನಮ್ಮ ಕನ್ನಡ ಬೈಬಲನ್ನೇ ತೆಗೆದುಕೊಳ್ಳಿ. ಅದರಲ್ಲಿ ಪಾತಾಳ ಬೇರೆ, ನರಕ ಬೇರೆ. ನಾವು ಎರಡನ್ನೂ ಒಂದೇ ಪಾತ್ರೆಗೆ ಸುರಿದುಬಿಟ್ಟಿದ್ದೇವೆ. ಪಾತಾಳ ಅಂತ ಬರುವ ಕಡೆ ಹಳೆಯ ಒಡಂಬಡಿಕೆಯ ಹೀಬ್ರೂವಿನಲ್ಲಿ ಇರುವುದು ಶಿಯೋಲ್. ಒಟ್ಟು 65 ಸಲ ಬರುತ್ತದೆ. ಅದು ಸತ್ತವರ ಜಾಗ. ಒಳ್ಳೆಯವರೂ ಅಲ್ಲಿಗೇ, ಕೆಟ್ಟವರೂ ಅಲ್ಲಿಗೇ. ಯೋಸೇಫ ಸತ್ತ ಅಂತ ನಂಬಿದ ಯಾಕೋಬ ಏನಂದ? ಅಳುತ್ತಲೇ ಪಾತಾಳಕ್ಕೆ ಇಳಿದು ನನ್ನ ಮಗನ ಹತ್ತಿರ ಹೋಗುತ್ತೇನೆ ಅಂದ. ಮಗ ನರಕದಲ್ಲಿ ಇದ್ದಾನೆ ಅಂತ ಅಲ್ಲ. ಯೋಬನಂತೂ ದೇವರ ಕೋಪ ಇಳಿಯುವ ತನಕ ನನ್ನನ್ನು ಪಾತಾಳದಲ್ಲಿ ಬಚ್ಚಿಡಬಾರದೇ ಅಂತ ಬೇಡಿಕೊಂಡ.

1611ರ ಇಂಗ್ಲಿಷ್ ಬೈಬಲಿನ ಅನುವಾದಕರು ಈ ಒಂದೇ ಪದವನ್ನು 31 ಕಡೆ ನರಕ ಅಂತ, ಇನ್ನು 31 ಕಡೆ ಸಮಾಧಿ ಅಂತ, 3 ಕಡೆ ಗುಂಡಿ ಅಂತ ಮಾಡಿದರು. ಯಾಕೋಬನಂಥವರು ಹೋದರೆ ಸಮಾಧಿ, ದುಷ್ಟರು ಹೋದರೆ ನರಕ! ಮೂಲದಲ್ಲಿ ಎರಡೂ ಒಂದೇ. ಪಾತಾಳ ಅನ್ನುವ ಪದ ಹಿಡಿದ ನಮ್ಮ ಕನ್ನಡದ ಅನುವಾದಕರು ಈ ವಿಷಯದಲ್ಲಿ ಜಾಣರು.

ನರಕ ಅನ್ನುವ ಪದದ ಕತೆಯೇ ಬೇರೆ. ಅದು ಕಿವಿಗೆ ಬಿದ್ದ ಕೂಡಲೇ ಕನ್ನಡದವರಿಗೆ ಯಮ, ಕಾದ ಎಣ್ಣೆಯ ಕೊಪ್ಪರಿಗೆ, ಚಿತ್ರಗುಪ್ತನ ಲೆಕ್ಕದ ಪುಸ್ತಕ ಎಲ್ಲಾ ಕಣ್ಣಮುಂದೆ ಬರುತ್ತವೆ. ಕ್ರೈಸ್ತರೂ ಇದಕ್ಕೆ ಹೊರತಲ್ಲ. ಆದರೆ ಒಂದು ವಿಚಿತ್ರ ನೋಡಿ. ಪುರಾಣದ ಆ ನರಕಕ್ಕೆ ಕೊನೆಯಿದೆ. ಪಾಪದ ಲೆಕ್ಕ ತೀರಿದ ಮೇಲೆ ಜೀವ ಅಲ್ಲಿಂದ ಹೊರಡುತ್ತದೆ. ನಾವು ಹೆಸರನ್ನು ಅಲ್ಲಿಂದ ತಂದೆವು, ಕೊನೆಯನ್ನು ಅಲ್ಲೇ ಬಿಟ್ಟು ಬಂದೆವು.

ಹೊಸ ಒಡಂಬಡಿಕೆಯಲ್ಲಿ ನರಕ ಅಂತ ಅನುವಾದವಾದ ಪದ ಗೆಹೆನ್ನಾ. ಅದು ಭೂಮಿಯ ಮೇಲೆ ಇರುವ ಜಾಗ. ಯೆರೂಸಲೇಮಿನ ತೆಂಕಣ ಮಗ್ಗುಲಿಗೆ ಇರುವ ಹಿನ್ನೋಮ್ ಕಣಿವೆ. ಇವತ್ತೂ ಅಲ್ಲಿ ನಡೆದು ಹೋಗಬಹುದು. ಆಹಾಜ, ಮನಸ್ಸೆ ಅನ್ನುವ ಅರಸರು ತಮ್ಮ ಮಕ್ಕಳನ್ನೇ ಅಲ್ಲಿ ಬೆಂಕಿಗೆ ಕೊಟ್ಟರು ಅಂತ ಪೂರ್ವಕಾಲವೃತ್ತಾಂತದಲ್ಲಿ ಇದೆ. ಯೋಷೀಯ ಅರಸ ಅದನ್ನು ಹೊಲೆಮಾಡಿ ಆ ಪದ್ಧತಿ ನಿಲ್ಲಿಸಿದ. ಪ್ರವಾದಿ ಯೆರೆಮೀಯ ಅದಕ್ಕೆ ಸಂಹಾರದ ಕಣಿವೆ ಅಂತ ಹೆಸರಿಟ್ಟು, ಹೂಳಲು ಜಾಗ ಸಾಲದಷ್ಟು ಹೆಣ ಅಲ್ಲಿ ಬೀಳುತ್ತದೆ ಅಂದ. ಮಕ್ಕಳನ್ನು ಸುಡುವುದು ದೇವರ ಮನಸ್ಸಿಗೂ ಬಾರದ ಸಂಗತಿ ಅಂತ ದೇವರ ಬಾಯಿಂದಲೇ ಹೇಳಿಸಿದವನೂ ಅವನೇ. ನಾನು ಆ ವಚನವನ್ನು ಎರಡು ಸಲ ಓದಿದೆ. ಮಕ್ಕಳು ಬೆಂದ ಜಾಗದ ಹೆಸರು ಅದು. ಆ ಹೆಸರು ಎತ್ತಿದರೆ ಯೇಸುವಿನ ಕಾಲದ ಯೆಹೂದ್ಯನಿಗೆ ಮೈ ನಡುಗಿರಬೇಕು.

ಇಲ್ಲಿ ಇನ್ನೊಂದು ಮಾತು. ಆ ಕಣಿವೆ ಊರಿನ ಕಸದ ತಿಪ್ಪೆಯಾಗಿತ್ತು, ಅಲ್ಲಿ ಹಗಲೂ ರಾತ್ರಿ ಬೆಂಕಿ ಉರಿಯುತ್ತಿತ್ತು ಅಂತ ನಿಮ್ಮಲ್ಲಿ ತುಂಬಾ ಜನ ಹೇಳುತ್ತೀರಿ. ನನಗೂ ಅದು ಇಷ್ಟವಾದ ಕತೆ. ಆದರೆ ಹಾಗೆ ಬರೆದು ಇಟ್ಟ ಮೊದಲಿಗ 1200ರ ಸುಮಾರಿನ ಯೆಹೂದ್ಯ ವಿದ್ವಾಂಸ ದಾವೀದ್ ಕಿಮ್ಹಿ. ಯೇಸುವಿನ ಕಾಲಕ್ಕೂ ಅವನಿಗೂ ನಡುವೆ ಸಾವಿರ ವರ್ಷಕ್ಕಿಂತ ಜಾಸ್ತಿ ಅಂತರ. ಹಾಗಾಗಿ ತಿಪ್ಪೆಯ ಕತೆಯನ್ನು ಸ್ವಲ್ಪ ಹಿಡಿದು ಹೇಳಿ.

ಇನ್ನು ನನ್ನನ್ನು ನಿದ್ದೆಗೆಡಿಸಿದ ವಿಷಯಕ್ಕೆ ಬರುತ್ತೇನೆ. ಗೆಹೆನ್ನಾ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು 12 ಸಲ. 11 ಸಲ ಯೇಸುವಿನ ಬಾಯಲ್ಲಿ, ಒಂದು ಸಲ ಯಾಕೋಬನ ಪತ್ರದಲ್ಲಿ. ಈ ಯಾಕೋಬ ಬೇರೆ, ಯೋಸೇಫನ ಅಪ್ಪ ಅಲ್ಲ. ಒಂದು ಸಂಜೆ ಪೆನ್ಸಿಲ್ ಹಿಡಿದು ಹನ್ನೆರಡನ್ನೂ ಹುಡುಕಿ ಗೆರೆ ಎಳೆದೆ. ಪಕ್ಕದಲ್ಲಿ ಈ ಮಾತು ಯಾರಿಗೆ ಹೇಳಿದ್ದು ಅಂತ ಬರೆಯುತ್ತಾ ಹೋದೆ. ಬೆಟ್ಟದ ಮೇಲೆ ಶಿಷ್ಯರಿಗೆ. ಊರೂರಿಗೆ ಕಳಿಸುವಾಗ ಹನ್ನೆರಡು ಮಂದಿಗೆ. ಇವನು ನಮ್ಮವನಲ್ಲ ಅಂತ ಯಾರನ್ನೋ ತಡೆದು ಬಂದ ಯೋಹಾನನಿಗೂ ಜೊತೆಯವರಿಗೂ. ನನ್ನ ಸ್ನೇಹಿತರೇ ಅಂತ ಕರೆದು ತನ್ನವರಿಗೆ. ಶಾಸ್ತ್ರಿಗಳು, ಫರಿಸಾಯರು ಅನ್ನುವ ಧರ್ಮದ ಮುಂದಾಳುಗಳಿಗೆ. ಪುಟದ ಅಂಚು ತುಂಬಿತು. ಜನ ಪಾಪಿಗಳು ಅಂತ ದೂರ ಇಟ್ಟವರನ್ನು ಹುಡುಕಿದೆ. ಸಮಾರ್ಯದ ಹೆಂಗಸಿನ ಹೆಸರು ಅಲ್ಲಿ ಬರಲಿಲ್ಲ. ಸುಂಕದ ಜಕ್ಕಾಯನ ಹೆಸರು ಬರಲಿಲ್ಲ. ಪಕ್ಕದ ಶಿಲುಬೆಯ ಕಳ್ಳನ ಹೆಸರೂ ಬರಲಿಲ್ಲ.

ಅಂದರೆ ನರಕದ ಮಾತನ್ನು ಕರ್ತನು ಮನೆಯವರಿಗೆ ಹೇಳಿದ, ಬೀದಿಯವರಿಗೆ ಅಲ್ಲ. ಧರ್ಮ ತಮ್ಮ ಕಿಸೆಯಲ್ಲಿದೆ ಅಂದುಕೊಂಡವರಿಗೆ ಹೇಳಿದ. ಮತ್ತಾಯನ 25ನೇ ಅಧ್ಯಾಯದಲ್ಲೂ ನೋಡಿ. ಎಡಗಡೆ ನಿಂತವರೂ ಕರ್ತನೇ ಅಂತಲೇ ಕರೆಯುತ್ತಾರೆ. ಹಸಿದವನಿಗೆ ಊಟ ಕೊಡಲಿಲ್ಲ, ಸೆರೆಯಲ್ಲಿದ್ದವನನ್ನು ನೋಡಲು ಹೋಗಲಿಲ್ಲ ಅನ್ನುವುದೇ ಅವರ ಮೇಲಿನ ದೂರು.

ಅಪೊಸ್ತಲರು ಏನು ಮಾಡಿದರು? ಅವರ ಕೃತ್ಯಗಳ ಪುಸ್ತಕದಲ್ಲಿ ಹೊರಗಿನವರಿಗೆ ಮಾಡಿದ ಪ್ರಸಂಗಗಳು ಎಷ್ಟೋ ಇವೆ. ಒಂದರಲ್ಲೂ ಗೆಹೆನ್ನಾ ಇಲ್ಲ. ಪೌಲ ಅಥೇನೆಯಲ್ಲಿ ನ್ಯಾಯತೀರ್ಪಿನ ದಿನ ಇದೆ ಅಂತ ಖಂಡಿತ ಹೇಳಿದ, ಬೆಂಕಿ ತೋರಿಸಿ ಹೆದರಿಸಲಿಲ್ಲ. ಅವನ ಪತ್ರಗಳಲ್ಲಿಯೂ ಆ ಪದ ಒಂದು ಸಲ ಇಲ್ಲ.

ಹನ್ನೆರಡನೆಯದು ಎಲ್ಲಿದೆ ಅಂತ ನಿಮಗೆ ಗೊತ್ತು. ಯಾಕೋಬನ ಮೂರನೇ ಅಧ್ಯಾಯ. ನಾಲಿಗೆಗೆ ನರಕದಿಂದಲೇ ಬೆಂಕಿ ಹೊತ್ತಿದೆ ಅಂತಾನೆ. ಆ ಅಧ್ಯಾಯ ಶುರುವಾಗುವುದು ಹೇಗೆ? ನಿಮ್ಮಲ್ಲಿ ಬಹಳ ಜನ ಬೋಧಕರಾಗಬೇಡಿ, ಬೋಧಕರಿಗೆ ತೀರ್ಪು ಇನ್ನೂ ಕಠಿಣ ಅಂತ. ಇದರ ಮೇಲೆ ಒಂದು ಪ್ರಸಂಗ ಕೇಳುವ ಆಸೆ ನನಗೆ ತುಂಬಾ ದಿನದಿಂದ ಇದೆ.

ಕೊನೆಗೆ ದುಷ್ಟರು ಏನಾಗುತ್ತಾರೆ ಅನ್ನುವುದಕ್ಕೆ ಸಭೆಯ ಉತ್ತರ ಒಂದೇ ಅಂತ ನಾನು ನಂಬಿದ್ದೆ. ನೀವು ಹಾಗೆ ನಂಬಿಸಿದ್ದಿರಿ. ಅದು ಹಾಗಿಲ್ಲ.

ಹೆಚ್ಚಿನವರು ಹಿಡಿದ ದಾರಿ ಕೊನೆಯಿಲ್ಲದ ಯಾತನೆಯದು. ಅದಕ್ಕೆ ಗಟ್ಟಿ ತಳಪಾಯ ಹಾಕಿದವನು ಆಗಸ್ಟೀನ್ ಅನ್ನುವ ಬಿಷಪ್, 354ರಿಂದ 430ರ ತನಕ ಬದುಕಿದ್ದವನು. ಅವನ ವಾದ ಸರಳ. ಅವರು ನಿತ್ಯದಂಡನೆಗೆ, ನೀತಿವಂತರು ನಿತ್ಯಜೀವಕ್ಕೆ ಅಂತ ಒಂದೇ ವಾಕ್ಯದಲ್ಲಿ ಇದೆ. ಎರಡಕ್ಕೂ ಒಂದೇ ವಿಶೇಷಣ. ಜೀವಕ್ಕೆ ಕೊನೆ ಇಲ್ಲ ಅಂದರೆ ದಂಡನೆಗೂ ಇಲ್ಲ. ಇದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 20ನೇ ಅಧ್ಯಾಯದಲ್ಲಿ ಸೈತಾನನಿಗೆ ಹಗಲಿರುಳು ಯುಗಯುಗಾಂತರಗಳಲ್ಲಿ ಯಾತನೆ ಅಂತ ಬರೆದಿದೆ, ಅದೂ ಸಣ್ಣ ಮಾತಲ್ಲ. 1215ರಲ್ಲಿ ರೋಮಿನಲ್ಲಿ ಸೇರಿದ ಬಿಷಪರ ಕೂಟ, ನಾಲ್ಕನೇ ಲಾಟರನ್ ಸಭೆ, ಇದನ್ನೇ ಹೇಳಿತು. 1530ರಲ್ಲಿ ಲೂಥರನ ಕಡೆಯವರು ಆಗ್ಸ್‌ಬರ್ಗ್‌ನಲ್ಲಿ ಒಪ್ಪಿಸಿದ ನಂಬಿಕೆಯ ಪತ್ರವೂ ಇದನ್ನೇ ಹೇಳಿತು. ರೋಮಿಗೂ ಲೂಥರನಿಗೂ ಒಮ್ಮತ ಇದ್ದ ಕೆಲವು ವಿಷಯಗಳಲ್ಲಿ ನರಕವೂ ಒಂದು!

ಆದರೆ ಅದೇ ಆಗಸ್ಟೀನ್ ಇನ್ನೊಂದು ಕಡೆ ಒಪ್ಪಿಕೊಂಡಿದ್ದಾನೆ. ತನ್ನ ಕಾಲದ ಕ್ರೈಸ್ತರಲ್ಲಿ ಕೆಲವರಷ್ಟೇ ಅಲ್ಲ, ಬಹಳ ಮಂದಿಯೇ ಈ ಕೊನೆಯಿಲ್ಲದ ದಂಡನೆಯನ್ನು ನೆನೆದು ಮರುಗುತ್ತಾರೆ, ಅದು ಹಾಗೆ ಇರಲಾರದು ಅಂತಾರೆ ಅಂತ. ಅವರಿಗೆ ಅವನು ಕರುಣೆಯವರು ಅಂತ ಹೆಸರಿಟ್ಟ. ಸ್ವಲ್ಪ ಗೇಲಿಯೂ ಇತ್ತು ಅದರಲ್ಲಿ. ಗೇಲಿ ಆದರೂ ಪರವಾಗಿಲ್ಲ, ಹೆಸರು ನನಗೆ ಹಿಡಿಸಿತು.

ಎರಡನೆಯ ದಾರಿ ನಾಶದ್ದು. ದುಷ್ಟರು ತೀರ್ಪಿಗೆ ಎದ್ದು ನಿಲ್ಲುತ್ತಾರೆ, ದಂಡನೆ ಆಗುತ್ತದೆ, ಕೊನೆಗೆ ಇಲ್ಲವಾಗುತ್ತಾರೆ. ಅಮರತ್ವ ಮನುಷ್ಯನಿಗೆ ಹುಟ್ಟಿನಿಂದ ಬಂದದ್ದಲ್ಲ, ದೇವರು ಕೊಡುವ ವರ ಅನ್ನುವುದು ಇದರ ಬೇರು. ಪಾಪ ಕೊಡುವ ಸಂಬಳ ಮರಣ ಅಂತ ಪೌಲ ಬರೆದ, ಯಾತನೆ ಅಂತ ಬರೆಯಲಿಲ್ಲ. ಯೋಹಾನ 3:16 ನಮಗೆ ಬಾಯಿಪಾಠ. ಅಲ್ಲಿರುವುದೂ ನಾಶವಾಗದೆ ಅಂತಲೇ, ಅಲ್ವಾ? ದೇಹ ಆತ್ಮ ಎರಡನ್ನೂ ನರಕದಲ್ಲಿ ನಾಶಮಾಡಬಲ್ಲವನಿಗೆ ಹೆದರಿ ಅಂದವನು ಯೇಸುವೇ. ಯೂದನ ಪತ್ರದಲ್ಲಿ ಸೊದೋಮಿಗೆ ನಿತ್ಯವಾದ ಬೆಂಕಿ ಬಿತ್ತು ಅಂತ ಇದೆ. ಆ ಬೆಂಕಿ ಇವತ್ತು ಉರಿಯುತ್ತಿಲ್ಲ. ಊರು ಹೋಯಿತು, ಬೆಂಕಿಯೂ ಆರಿತು, ಮತ್ತೆ ಆ ಊರು ಏಳಲಿಲ್ಲ. ಸಾಯದ ಹುಳದ ಮಾತೂ ಹಾಗೇ. ಯೆಶಾಯನ ಪುಸ್ತಕದ ಕೊನೆಯ ವಚನ ತೆಗೆದು ನೋಡಿ. ಆ ಹುಳ ಹತ್ತಿರುವುದು ಹೆಣಗಳಿಗೆ.

ಇದು ನಿನ್ನೆ ಮೊನ್ನೆ ಹುಟ್ಟಿದ ಮಾತಲ್ಲ. ನಾಲ್ಕನೇ ಶತಮಾನದ ಶುರುವಿನಲ್ಲೇ ಅರ್ನೋಬಿಯಸ್ ಅನ್ನುವ ಕ್ರೈಸ್ತ ಲೇಖಕ ಇದನ್ನು ಬರೆದ. ಸೆವೆಂತ್-ಡೇ ಅಡ್ವೆಂಟಿಸ್ಟ್ ಸಭೆಯವರು ಇದನ್ನೇ ಬೋಧಿಸುತ್ತಾರೆ. 1974ರ ಲೌಸಾನ್ ಒಡಂಬಡಿಕೆ ಅನ್ನುವ ಸುವಾರ್ತಾ ಸಭೆಗಳವರ ನಂಬಿಕೆಯ ಪತ್ರದ ಕರಡು ಸಮಿತಿಗೆ ಅಧ್ಯಕ್ಷರಾಗಿದ್ದ ಜಾನ್ ಸ್ಟಾಟ್, ನಿಮ್ಮಲ್ಲಿ ಎಷ್ಟೋ ಜನ ಗುರು ಅಂತ ಒಪ್ಪುವವರು, 1988ರಲ್ಲಿ ತಮ್ಮ ಒಲವು ಈ ಕಡೆಗೆ ಅಂತ ಅಚ್ಚಿನಲ್ಲಿ ಹೇಳಿದರು. ಗಂಟೆ ಬಾರಿಸಿ ಹೇಳಲಿಲ್ಲ. ಹಟ ಇಲ್ಲದೆ, ತಡವರಿಸುತ್ತಾ ಹೇಳಿದರು. ಹಾಗೆ ಹೇಳಿದ್ದಕ್ಕೆ ಸಾಕಷ್ಟು ಬೈಗುಳ ತಿಂದರು.

ಮೂರನೆಯದು ಎಲ್ಲವೂ ಮತ್ತೆ ಸರಿಯಾಗುತ್ತದೆ ಅನ್ನುವ ದಾರಿ. ನರಕ ಇದೆ, ಬೆಂಕಿ ಇದೆ, ಆದರೆ ಅದು ಚಿನ್ನ ಪುಟಕ್ಕಿಡುವ ಬೆಂಕಿ. ಕೊನೆಗೆ ದೇವರು ಸರ್ವರಲ್ಲೂ ಸರ್ವವಾಗುತ್ತಾನೆ. ಆದಾಮನಲ್ಲಿ ಎಲ್ಲರೂ ಸಾಯುವ ಹಾಗೆ ಕ್ರಿಸ್ತನಲ್ಲಿ ಎಲ್ಲರೂ ಬದುಕುವರು ಅನ್ನುವುದು ಇವರು ಹಿಡಿದ ವಚನ. ಇದನ್ನು ಹೇಳಿದ ಒರಿಗೆನ್ ಅನ್ನುವ ಮೂರನೇ ಶತಮಾನದ ಪಂಡಿತನನ್ನು ಸತ್ತು 300 ವರ್ಷ ಆದ ಮೇಲೆ, 553ರ ಕಾನ್‌ಸ್ಟಾಂಟಿನೋಪಲ್ ಬಿಷಪರ ಸಭೆ ಖಂಡಿಸಿತು. ಅಲ್ಲಿ ಖಂಡನೆಯಾದದ್ದು ಸರ್ವರ ರಕ್ಷಣೆಯೋ, ಅದಕ್ಕೆ ಅಂಟಿಕೊಂಡಿದ್ದ ಜೀವಗಳು ಹುಟ್ಟುವ ಮೊದಲೇ ಇದ್ದವು ಅನ್ನುವ ವಾದವೋ ಅಂತ ವಿದ್ವಾಂಸರು ಇನ್ನೂ ಕಾದಾಡುತ್ತಿದ್ದಾರೆ. ಯಾಕೆಂದರೆ ಅದೇ ಆಸೆಯನ್ನು ಇನ್ನೂ ಬಿಚ್ಚಿ ಹೇಳಿದ, ನಾಲ್ಕನೇ ಶತಮಾನದ ಬಿಷಪ್ ನಿಸ್ಸಾದ ಗ್ರೆಗೊರಿಯನ್ನು ಯಾರೂ ಮುಟ್ಟಲಿಲ್ಲ. ಅವನು ಇವತ್ತಿಗೂ ಪೂರ್ವಕ್ಕೂ ಪಶ್ಚಿಮಕ್ಕೂ ಸಂತ. ತನ್ನ ಅಕ್ಕ ಮಕ್ರೀನಾ ಸಾಯುವ ಮಂಚದ ಮೇಲೆ ತನಗೆ ಇದನ್ನು ಕಲಿಸಿಕೊಟ್ಟಳು ಅನ್ನುವ ರೀತಿಯಲ್ಲಿ ಅವನು ಬರೆದಿದ್ದಾನೆ. ಸಾವಿನ ಮನೆಯಲ್ಲಿ ಹೀಗೂ ಮಾತಾಡಬಹುದು.

ಏಳನೇ ಶತಮಾನದ ನಿನೆವೆಯ ಬಿಷಪ್ ಇಸಾಕನ ಮಾತು ಇನ್ನೂ ಬೇರೆ. ನರಕದಲ್ಲಿ ಹೊಡೆಯುವ ಚಾವಟಿ ಪ್ರೀತಿಯದ್ದು ಅಂತಾನೆ. ಪ್ರೀತಿಸಿದವರಿಗೆ ದ್ರೋಹ ಮಾಡಿದೆ ಅಂತ ಗೊತ್ತಾದಾಗ ಆಗುವ ಸಂಕಟ ಯಾವ ಬೆಂಕಿಗೂ ಕಡಿಮೆ ಅಲ್ಲವಂತೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಹೊರಗೆ ಹೋಗಿ ಸ್ವಲ್ಪ ಹೊತ್ತು ಓಡಾಡಿದೆ. ತೀರಿಹೋದ ನಮ್ಮಪ್ಪನಿಗೆ ನಾನು ಆಡಿದ ಒಂದು ಮಾತು ನೆನಪಾಯಿತು.

ನನ್ನ ಒಲವು ಎಲ್ಲಿಗೆ ಅಂತ ಕೇಳುತ್ತೀರಿ. ವಚನಗಳನ್ನು ತೂಗಿದಾಗ ನನಗೆ ಎರಡನೆಯದೇ ಭಾರ ಅನಿಸುತ್ತದೆ. ಮೂರನೆಯದಕ್ಕೆ ಮನಸ್ಸು ಎಳೆಯುತ್ತದೆ. ಮೊದಲನೆಯದನ್ನು ಹಿಡಿದವರು ಕಲ್ಲುಮನಸ್ಸಿನವರು ಅಂತ ನಾನು ಹೇಳಲಾರೆ, ಅವರ ಕೈಯಲ್ಲೂ ವಚನ ಇದೆ. ನಿಸೀಯ ನಂಬಿಕೆಯ ಪ್ರಮಾಣದಲ್ಲಿ ನಾವು ಏನು ಹೇಳುತ್ತೇವೆ? ಬದುಕಿರುವವರಿಗೂ ಸತ್ತವರಿಗೂ ನ್ಯಾಯತೀರಿಸಲು ಬರುವನು. ಅಷ್ಟೇ. ತೀರ್ಪು ಏನು, ಎಷ್ಟು ಕಾಲ ಅಂತ ಅಲ್ಲಿ ಇಲ್ಲ. ಅಥನೇಷಿಯನ ಹೆಸರಿನ ಇನ್ನೊಂದು ಪ್ರಮಾಣದಲ್ಲಿ ನಿತ್ಯವಾದ ಬೆಂಕಿ ಅಂತ ಇದೆ, ನಿಜ. ಅದನ್ನು ಮುಚ್ಚಿಡುವುದಿಲ್ಲ.

ಇಂಗ್ಲೆಂಡಿನ ಸಭೆಯ ಕತೆ ಚೆನ್ನಾಗಿದೆ. 1553ರಲ್ಲಿ ಅವರಿಗೆ ನಂಬಿಕೆಯ 42 ವಿಧಿಗಳಿದ್ದವು. ಕೊನೆಗೆ ಎಲ್ಲರೂ ರಕ್ಷಣೆ ಹೊಂದುತ್ತಾರೆ ಅನ್ನುವವರ ಮಾತು ತಪ್ಪು ಅನ್ನುವುದು ಕಟ್ಟಕಡೆಯ ವಿಧಿ. ಹತ್ತೇ ವರ್ಷ. 1563ರ ತಿದ್ದುಪಡಿಯಲ್ಲಿ ಆ ವಿಧಿಯನ್ನೇ ಬಿಟ್ಟರು. ಮುಂದೆ 1853ರಲ್ಲಿ ಎಫ್. ಡಿ. ಮಾರಿಸ್ ಅನ್ನುವ ಪ್ರಾಧ್ಯಾಪಕರು ನಿತ್ಯ ಅನ್ನುವ ಪದಕ್ಕೆ ಕಾಲದ ಲೆಕ್ಕ ಹಾಕಬೇಡಿ ಅಂದರು. ಲಂಡನ್ನಿನ ಕಿಂಗ್ಸ್ ಕಾಲೇಜು ಅವರನ್ನು ಮನೆಗೆ ಕಳಿಸಿತು. ಹನ್ನೊಂದು ವರ್ಷ ಕಳೆದು 1864ರಲ್ಲಿ ಅಲ್ಲಿನ ಪ್ರಿವಿ ಕೌನ್ಸಿಲ್ ಅನ್ನುವ ಮೇಲಿನ ನ್ಯಾಯಪೀಠ ಬೇರೊಬ್ಬ ಪಾದ್ರಿಯ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ದುಷ್ಟರಿಗೂ ಕೊನೆಗೆ ಕ್ಷಮೆ ಸಿಗಲಿ ಅಂತ ಆಶಿಸುವುದು ಸಭೆಯ ವಿಧಿಗೆ ವಿರುದ್ಧವಲ್ಲ ಅಂತ. ಸುಮಾರು 11,000 ಪಾದ್ರಿಗಳು ಅದರ ವಿರುದ್ಧ ಸಹಿ ಹಾಕಿದರು. ಆಶೆಯ ವಿರುದ್ಧ ಸಹಿ ಸಂಗ್ರಹ!

ಕಥೋಲಿಕ ಸಭೆ ನಿತ್ಯವಾದ ನರಕವನ್ನು ಬಿಟ್ಟಿಲ್ಲ. ಆದರೆ 1999ರ ಜುಲೈನಲ್ಲಿ ಎರಡನೇ ಜಾನ್ ಪಾಲ್ ಪೋಪರು ಅದನ್ನು ಜಾಗ ಅನ್ನುವುದಕ್ಕಿಂತ, ಬೇಕೆಂದೇ ದೇವರಿಂದ ಕೊನೆಗೂ ದೂರ ಸರಿದವರ ಸ್ಥಿತಿ ಅಂತ ವಿವರಿಸಿದರು. ಸಾವಿರಾರು ಮಂದಿಯನ್ನು ಸಂತರು ಅಂತ ಸಾರಿದ ಆ ಸಭೆ ಇಂಥವನು ನರಕದಲ್ಲಿದ್ದಾನೆ ಅಂತ ಒಬ್ಬನ ಹೆಸರನ್ನೂ ಸಾರಿಲ್ಲ. ದೀಕ್ಷಾಸ್ನಾನ ಆಗದೆ ಸತ್ತ ಕೂಸುಗಳಿಗೂ ದಂಡನೆ ಇದೆ, ಆದರೆ ತೀರಾ ಹಗುರಾದದ್ದು ಅಂದಿದ್ದ ಆಗಸ್ಟೀನ್. ಆ ಮಾತನ್ನು ಮೆತ್ತಗೆ ಮಾಡುತ್ತಾ ಮಾಡುತ್ತಾ ಬಂದು, 2007ರಲ್ಲಿ ಅವರ ದೇವಶಾಸ್ತ್ರ ಆಯೋಗ ಆ ಕೂಸುಗಳ ರಕ್ಷಣೆಯನ್ನು ಎದುರುನೋಡಲು ಕಾರಣಗಳಿವೆ ಅಂತ ಬರೆಯಿತು. ಈ ನಡುವೆ ಎಷ್ಟು ತಾಯಂದಿರು ಎಷ್ಟು ರಾತ್ರಿ ಅತ್ತರೋ.

ನೀವು ಹೇಳುವ ಎದುರು ಮಾತೂ ನನಗೆ ಗೊತ್ತು. ನರಕ ಬೇಡ ಅನ್ನುವುದು ಸುಲಭ, ಪೆಟ್ಟು ತಿನ್ನದವರಿಗೆ. ಮಗುವನ್ನು ಹಾಳುಮಾಡಿದವನು, ಊರಿಗೆ ಊರನ್ನೇ ಸುಟ್ಟವನು ಮೆತ್ತನೆಯ ಹಾಸಿಗೆಯಲ್ಲಿ ವಯಸ್ಸಾಗಿ ಸಾಯುತ್ತಾನೆ. ಅವನಿಗೆ ಲೆಕ್ಕ ಕೇಳುವವರು ಯಾರೂ ಇಲ್ಲವೇ? ಪ್ರಕಟನೆಯಲ್ಲಿ ಕೊಲೆಯಾದವರು ಯಜ್ಞವೇದಿಯ ಕೆಳಗಿಂದ ಒಡೆಯನೇ, ಎಲ್ಲಿಯ ತನಕ ಅಂತ ಕೂಗುತ್ತಾರೆ. ಆ ಕೂಗಿಗೆ ಕಿವಿ ಮುಚ್ಚುವ ದೇವರು ನನಗೂ ಬೇಡ. ಈ ವಿಷಯದಲ್ಲಿ ನಾನು ನಿಮ್ಮ ಕಡೆಯವನೇ. ತೀರ್ಪು ಬೇಕು. ಮೂರೂ ದಾರಿಯವರು ತೀರ್ಪು ಇದೆ ಅಂತಲೇ ಹೇಳುತ್ತಾರೆ. ಆದರೆ ಆ ಹುಡುಗ ಊರು ಸುಟ್ಟವನಲ್ಲ. ಸಭೆಗೆ ಬರುವುದು ಬಿಟ್ಟವನು.

ಹೆದರಿಸದಿದ್ದರೆ ಜನ ಬರುವುದಿಲ್ಲ ಅಂತ ನಿಮ್ಮಲ್ಲಿ ಒಬ್ಬರು ನನಗೆ ಹೇಳಿದರು. ಹೆದರಿಕೆಯಿಂದ ಬಂದವನು ನಾನೇ ಇದ್ದೇನೆ, ಕೇಳಿ. ಸಂಡೇ ಸ್ಕೂಲಿನಲ್ಲಿ ನನಗೆ ಏಳು ವರ್ಷ. ಟೀಚರ್ ಮೇಜಿನ ಮೇಲೆ ಮೇಣದಬತ್ತಿ ಹಚ್ಚಿಟ್ಟರು. ಒಬ್ಬೊಬ್ಬರೇ ಬಂದು ಬೆರಳು ಹತ್ತಿರ ಹಿಡಿದು ಹತ್ತು ಎಣಿಸಬೇಕು ಅಂದರು. ನಾನು ನಾಲ್ಕಕ್ಕೆ ಕೈ ತೆಗೆದೆ. ನನ್ನ ಹಿಂದಿದ್ದ ಹುಡುಗಿ ಎರಡಕ್ಕೇ ತೆಗೆದಳು. "ಇದು ನಾಲ್ಕು ಎಣಿಕೆ. ಅಲ್ಲಿ ಎಣಿಸುವುದಕ್ಕೇ ಆಗಲ್ಲ" ಅಂದರು ಟೀಚರ್. ಅವರು ಕೆಟ್ಟವರಲ್ಲ. ಜ್ವರ ಬಂದಾಗ ಮನೆಗೆ ಬಂದು ಪ್ರಾರ್ಥಿಸಿ ಹೋಗುತ್ತಿದ್ದರು. ಆ ರಾತ್ರಿ ನಾನು ಯೇಸುವನ್ನು ಒಪ್ಪಿಕೊಂಡೆ. ಮರುದಿನ ರಾತ್ರಿ ಮತ್ತೆ ಒಪ್ಪಿಕೊಂಡೆ, ಮೊದಲನೆಯದು ಸರಿಯಾಗಿ ಆಗಿದೆಯೋ ಇಲ್ಲವೋ ಅಂತ. ಹೀಗೆ ಎಷ್ಟು ವರ್ಷ ನಡೆಯಿತು ಅಂತ ಲೆಕ್ಕ ಇಟ್ಟಿಲ್ಲ. ಯೇಸುವಿನ ಮುಖ ನೋಡಲು ನನಗೆ ನಲವತ್ತು ವರ್ಷ ದಾಟಬೇಕಾಯಿತು. ಅಲ್ಲಿಯ ತನಕ ನಾನು ನೋಡಿದ್ದು ಮೇಣದಬತ್ತಿಯನ್ನೇ.

ಪೂರ್ವದ ಸಭೆಗಳಲ್ಲಿ ಒಂದು ಚಿತ್ರ ಇದೆ, ಪುನರುತ್ಥಾನದ್ದು. ಅದರಲ್ಲಿ ಖಾಲಿ ಸಮಾಧಿ ಇರುವುದಿಲ್ಲ. ಕ್ರಿಸ್ತ ಪಾತಾಳದಲ್ಲಿ ನಿಂತಿದ್ದಾನೆ. ಮುರಿದ ಎರಡು ಬಾಗಿಲು ಅವನ ಕಾಲಡಿ ಅಡ್ಡಡ್ಡ ಬಿದ್ದಿವೆ. ಒಂದು ಕೈಯಲ್ಲಿ ಆದಾಮನನ್ನೂ ಇನ್ನೊಂದರಲ್ಲಿ ಹವ್ವಳನ್ನೂ ಸಮಾಧಿಯಿಂದ ಎಳೆಯುತ್ತಿದ್ದಾನೆ. ಹಿಡಿದಿರುವುದು ಅಂಗೈ ಅಲ್ಲ, ಮಣಿಕಟ್ಟು. ಅವರಿಗೆ ಹಿಡಿದುಕೊಳ್ಳುವ ಶಕ್ತಿ ಇಲ್ಲ, ಹಿಡಿತ ಎಲ್ಲಾ ಅವನದೇ. ಕೆಳಗೆ ಕತ್ತಲಲ್ಲಿ ಬೀಗ, ಕೀಲಿಕೈ, ಚಿಲಕ, ಮೊಳೆ ಚೆಲ್ಲಾಡಿವೆ. ಪಾತಾಳಕ್ಕೆ ಇಳಿದನು ಅಂತ ನಾವು ಅಪೊಸ್ತಲರ ಪ್ರಮಾಣದಲ್ಲಿ ಹೇಳುತ್ತೇವಲ್ಲ, ಅದರ ಚಿತ್ರ ಇದು. ನಮ್ಮ ಸಂಡೇ ಸ್ಕೂಲಿನ ಗೋಡೆಯ ಮೇಲೆ ಇದು ಇದ್ದಿದ್ದರೆ ಅಂತ ಅಂದುಕೊಳ್ಳುತ್ತೇನೆ.

ಮೊದಲನೆಯ ದಾರಿಯನ್ನೇ ನಂಬುವವರಾದರೆ ಅದನ್ನೇ ಬೋಧಿಸಿ, ಬೇಡ ಅನ್ನುವುದಿಲ್ಲ. ಅದನ್ನು ಭಾನುವಾರ, ನಮಗೆ, ಬೆಂಚಿನಲ್ಲಿ ಕೂತವರಿಗೆ ಬೋಧಿಸಿ. ನನಗೆ ಬೋಧಿಸಿ. ಹಸಿದವನನ್ನು ದಾಟಿ ನಡೆದವನು ನಾನು. ಜೊತೆಗೆ ಬೇರೆ ಎರಡು ದಾರಿ ಹಿಡಿದವರೂ ಇದೇ ಬೈಬಲ್ ಓದಿದವರು ಅಂತ ಒಂದು ಮಾತು ಸೇರಿಸಿ. ಏಳು ವರ್ಷದವರ ಮುಂದೆ ಬೆಂಕಿ ಹಚ್ಚಬೇಡಿ. ಪೆಟ್ಟಿಗೆಯ ಮುಂದೆ ಮಾತ್ರ ತೀರ್ಪು ಓದಬೇಡಿ. ಕಳ್ಳನಿಗೆ ಶಿಲುಬೆಯ ಮೇಲೆ ಎಷ್ಟು ಹೊತ್ತು ಸಿಕ್ಕಿತು? ಒಂದೇ ಒಂದು ಮಾತಿಗೆ ಆಗುವಷ್ಟು. ಬೈಕಿಂದ ಬಿದ್ದು ರಸ್ತೆಯ ಮೇಲೆ ಮಲಗಿದ್ದ ಹುಡುಗ ಆ ಹೊತ್ತಿನಲ್ಲಿ ಯಾರನ್ನು ಕರೆದ ಅಂತ ನೀವು ಕೇಳಿಸಿಕೊಂಡಿರಾ? ನಾನೂ ಇಲ್ಲ.

ಆ ತಾಯಿ ಈಗಲೂ ಬರುತ್ತಾರೆ. ಮೂರನೇ ಬೆಂಚು, ಕಿಟಕಿಯ ಪಕ್ಕ. ಹಾಡಿಗೆ ಎದ್ದು ನಿಲ್ಲುತ್ತಾರೆ, ಹಾಡುವುದಿಲ್ಲ. ಹೋದ ತಿಂಗಳು, ಯೋಸೇಫನಿಗಾಗಿ ಅತ್ತ ಯಾಕೋಬನ ವಚನ ಇರುವ ಪುಟಕ್ಕೆ ಚೀಟಿ ಇಟ್ಟು ನನ್ನ ಬೈಬಲನ್ನು ಆಕೆಗೆ ಕೊಟ್ಟೆ. ಇನ್ನೂ ವಾಪಸ್ ಕೊಟ್ಟಿಲ್ಲ.

ಇಂತಿ,
ಹಿಂದಿನ ಬೆಂಚಿನವನು